ಆಫೀಸು ಮುಗಿದ ಮೇಲಿನ ಕನ್ನಡ



ಒಂದು ಸಣ್ಣ ರಸಪ್ರಶ್ನೆಯಿಂದ ಶುರು ಮಾಡೋಣ. ಕನ್ನಡದ ಮೊಟ್ಟಮೊದಲ ವೆಬ್‌ಸೈಟು ಮಾಡಿದವರು ಆಗ ಯಾವ ಊರಿನಲ್ಲಿದ್ದರು? ಬೆಂಗಳೂರು ಅಂದಿರಾ? ಅಲ್ಲ. ಮೈಸೂರು, ಧಾರವಾಡ? ಅವೂ ಅಲ್ಲ. ಮುಂಬಯಿ! 1996ರಲ್ಲಿ 'ವಿಶ್ವಕನ್ನಡ' ಎಂಬ ತಾಣ ಶುರುವಾದಾಗ ಅದರ ಹಿಂದಿದ್ದ ಡಾ. ಯು.ಬಿ. ಪವನಜ ಅವರು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಸಂಬಳ ಬರುತ್ತಿದ್ದದ್ದು ವಿಜ್ಞಾನಕ್ಕೆ, ಕನ್ನಡದ ಕೆಲಸಕ್ಕೆ ಸಿಗುತ್ತಿದ್ದದ್ದು ಉಳಿದ ಹೊತ್ತು ಮಾತ್ರ. ಮರುವರ್ಷ ಅವರು ಆ ಭದ್ರವಾದ ಸರ್ಕಾರಿ ನೌಕರಿಯನ್ನೇ ಬಿಟ್ಟು ಪೂರ್ತಿಯಾಗಿ ಕನ್ನಡ ಮತ್ತು ಕಂಪ್ಯೂಟರಿನ ಕೆಲಸಕ್ಕೆ ಇಳಿದರು. ಮುಂದೆ ಮಕ್ಕಳು ಕನ್ನಡದಲ್ಲೇ ಆಜ್ಞೆ ಕೊಟ್ಟು ಪ್ರೋಗ್ರಾಮ್ ಬರೆಯುವ 'ಕನ್ನಡ ಲೋಗೊ' ಕೂಡ ಅವರ ಕೈಯಿಂದಲೇ ಬಂತು.

ಸಾಫ್ಟ್‌ವೇರ್ ಮಂದಿ ಇಂಥ ಕೆಲಸವನ್ನು 'ಸೈಡ್ ಪ್ರಾಜೆಕ್ಟ್' ಅನ್ನುತ್ತಾರೆ. ನಿಮ್ಮ ಪಕ್ಕದ ಫ್ಲಾಟಿನ ಹುಡುಗನನ್ನೇ ನೋಡಿ. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಹಿಂಜೆವಾಡಿಗೋ, ಹೈಟೆಕ್ ಸಿಟಿಗೋ, ನೊಯಿಡಾಕ್ಕೋ ಹೋಗುತ್ತಾನೆ. ರಾತ್ರಿ ಬಂದು ಊಟ ಮಾಡಿ ಮತ್ತೆ ಲ್ಯಾಪ್‌ಟಾಪ್ ತೆರೆದು ಕೂರುತ್ತಾನೆ. "ಇನ್ನೂ ಆಫೀಸು ಕೆಲಸ ಮುಗಿದಿಲ್ವೇನಪ್ಪಾ?" ಅಂತ ಅಮ್ಮ ಕೇಳಿದರೆ, "ಇದು ಆಫೀಸಿನದ್ದಲ್ಲಮ್ಮ, ನಂದೇ" ಅನ್ನುತ್ತಾನೆ. ಆ 'ನಂದೇ' ಇದೆಯಲ್ಲ, ಇಂಟರ್‌ನೆಟ್ಟಿನ ಕನ್ನಡ ಬಹುಪಾಲು ಹುಟ್ಟಿದ್ದು ಅದರಿಂದ. ಸರ್ಕಾರಗಳು, ದೊಡ್ಡ ಕಂಪನಿಗಳು ಆಮೇಲೆ ಬಂದವು. ಮೊದಲು ಬಂದವರು ನೌಕರಿ ಮುಗಿಸಿಕೊಂಡು ಬಂದವರು. ಅವರಲ್ಲಿ ಕೆಲವರಿದ್ದದ್ದು ನಮ್ಮ ನಿಮ್ಮ ಹಾಗೆ ಊರು ಬಿಟ್ಟು ಬಂದ ಜಾಗಗಳಲ್ಲಿ.

ಆಗಿನ ಪರಿಸ್ಥಿತಿ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ, ಅದೂ ಮೊದಲು ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸಿನಂಥ ಮಹಾನಗರಗಳಲ್ಲಿ. ಟೆಲಿಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿದರೆ ಅದು ಕಿರ್ರೋ ಎಂದು ಕಿರುಚಿ, ಕೊನೆಗೆ ಮನಸ್ಸಾದರೆ ಸಂಪರ್ಕ ಕೊಡುತ್ತಿತ್ತು. ಅಷ್ಟರಲ್ಲಿ ಊರಿನಿಂದ ಅಪ್ಪ ಎಸ್.ಟಿ.ಡಿ. ಮಾಡಿದರೆ ಫೋನ್ ಎಂಗೇಜು! ಆ ವೇಗದಲ್ಲಿ ಇಂಗ್ಲಿಷ್ ಪುಟ ಬರುವುದೇ ಕಷ್ಟವಿತ್ತು. ಕನ್ನಡದ ಪಾಡು ಕೇಳಬೇಡಿ.

ಕನ್ನಡದ ತೊಂದರೆ ವೇಗದ್ದಲ್ಲ, ಅಕ್ಷರದ್ದು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಅಂದಿನ ಪದ್ಧತಿಯಲ್ಲಿ ಇದ್ದದ್ದು 256 ಖಾನೆಗಳು, ಅವುಗಳಲ್ಲಿ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳು ಆಗಲೇ ಚಾಪೆ ಹಾಸಿ ಕೂತಿದ್ದವು. ನಮ್ಮವರು ಏನು ಮಾಡಿದರು? ಕನ್ನಡದ ತಲೆಕಟ್ಟು, ಕೊಂಬು, ಗುಡಿಸು, ಒತ್ತು ಎಲ್ಲವನ್ನೂ ತುಂಡು ತುಂಡು ಚಿತ್ರ ಮಾಡಿ ಆ ಖಾನೆಗಳಲ್ಲೇ ತೂರಿಸಿದರು. ಫಾಂಟು ಇದ್ದವನಿಗೆ ಕನ್ನಡ ಕಾಣುತ್ತಿತ್ತು. ಇಲ್ಲದವನಿಗೆ? 'ನುಡಿ' ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ 'ಕನ್ನಡ' ಎಂಬ ಪದ ತೆರೆದರೆ ಮೊದಲಿಗೊಂದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಓರೆಗೀಟು ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡಿನ ಗುರುತು, ಜರ್ಮನ್ನರ ಒಂದು ವಿಚಿತ್ರ ಅಕ್ಷರ... ಭುವನೇಶ್ವರಿಗೆ ಲಂಡನ್ನು, ಬರ್ಲಿನ್ನು ಎಲ್ಲ ಸುತ್ತಿಸಿದ ಹಾಗೆ!

ಇದರಲ್ಲಿ ನಗುವಷ್ಟೇ ಅಳುವ ವಿಷಯವೂ ಇತ್ತು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ 'ಶ್ರೀಲಿಪಿ' ಒಂದು ರೀತಿ ಖಾನೆ ತುಂಬಿದರೆ 'ಆಕೃತಿ' ಇನ್ನೊಂದು ರೀತಿ, 'ಬರಹ' ಮತ್ತೊಂದು ರೀತಿ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಲಸುಮೇಲೋಗರ. ಪತ್ರಿಕೆಯೊಂದರ ತಾಣ ತೆರೆದರೆ ಮೊದಲು "ಫಾಂಟು ಇಳಿಸಿಕೊಳ್ಳಿ" ಎಂಬ ಆಹ್ವಾನ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತವರಿಗೆ ಫಾಂಟು ಇಳಿಸುವಷ್ಟರಲ್ಲಿ ಅರ್ಧ ಕಾಸು ಖರ್ಚು. ಇನ್ನು ಹುಡುಕುವುದಂತೂ ಅಸಾಧ್ಯ. ಕಂಪ್ಯೂಟರಿನ ಒಳಗೆ 'ಕ' ಇದ್ದರೆ ತಾನೆ ಹುಡುಕಿದರೆ ಸಿಗುವುದು? ಇದ್ದದ್ದು ಪಿ!

ಬೆರಳಚ್ಚಿನ ಕಥೆ ಇದಕ್ಕಿಂತ ಚೆನ್ನಾಗಿ ಮುಗಿಯಿತು, ಅದಕ್ಕೂ ಮುಂಬಯಿಯ ನಂಟಿದೆ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾಯರು ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಾಟಾ ಪ್ರೆಸ್ ಎಂದು ದುಡಿದು, ಅಚ್ಚಿನ ಅಕ್ಷರಗಳ ಜಗತ್ತಿನಲ್ಲೇ ಬಾಳಿದವರು. ಕನ್ನಡಕ್ಕೆ ಬೇರೆ ಕೀಲಿಮಣೆ ಬೇಡ, ಇಂಗ್ಲಿಷಿನ 26 ಕೀಲಿಗಳೇ ಸಾಕು ಎಂದು ತೋರಿಸಿದ್ದು ಅವರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಇಂಗ್ಲಿಷಿಗೆ ಅಪರೂಪದ ಕ್ಯೂ ನಮ್ಮ ಟ ಆಯಿತು, ಡಬ್ಲ್ಯೂ ಡ ಆಯಿತು. ಒತ್ತಕ್ಷರ ಬೇಕಾದರೆ ನಡುವೆ ಎಫ್. ಕನ್ನಡದ ಕಾಗುಣಿತ ಸ್ವರ, ವ್ಯಂಜನ ಸೇರಿ ಆಗುತ್ತದೆ ಎಂದು ಒಂದನೇ ಕ್ಲಾಸಿನಲ್ಲಿ ಕಲಿತಿದ್ದೇವಲ್ಲ, ರಾಯರು ಆ ಪಾಠವನ್ನೇ ಕಂಪ್ಯೂಟರಿಗೆ ಹೇಳಿಕೊಟ್ಟರು, ಅಷ್ಟೇ. ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು 'ಸೇಡಿಯಾಪು' ಎಂಬ ತಂತ್ರಾಂಶ ಮಾಡಿ ಕಾಸು ಕೇಳದೆ ಹಂಚಿದರು. ಅದೇ ವಿನ್ಯಾಸವನ್ನು ಅಲ್ಪಸ್ವಲ್ಪ ತಿದ್ದಿ ಕರ್ನಾಟಕ ಸರ್ಕಾರ ಅಧಿಕೃತ ಎಂದು ಒಪ್ಪಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಅದರ ಮೇಲೆಯೇ ನಿಂತಿದೆ. ನನ್ನನ್ನು ಕೇಳಿದರೆ, ಕಳೆದ ಐವತ್ತು ವರ್ಷಗಳಲ್ಲಿ ಕನ್ನಡ ಲಿಪಿಗೆ ಆದ ದೊಡ್ಡ ಉಪಕಾರ ಇದೇ.

ಇನ್ನು 'ಬರಹ'. 1998ರಲ್ಲಿ ಅದನ್ನು ಹೊರತಂದ ಶೇಷಾದ್ರಿವಾಸು ಚಂದ್ರಶೇಖರನ್ ಅಮೆರಿಕದಲ್ಲಿ ಸಾಫ್ಟ್‌ವೇರ್ ಇಂಜಿನಿಯರು. ಇಲ್ಲಿ ಕೀಲಿಮಣೆ ಕಲಿಯುವ ಗೊಡವೆಯೂ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು ಒತ್ತುತ್ತ ಹೋದರೆ ಪರದೆಯ ಮೇಲೆ ಕನ್ನಡ ಮೂಡುತ್ತದೆ. ವರ್ಷಗಟ್ಟಲೆ ಅದು ಪುಕ್ಕಟೆ ಸಿಗುತ್ತಿತ್ತು. ಊರು ಬಿಟ್ಟ ಎಷ್ಟು ಮಂದಿ ಅದರಲ್ಲಿ ಮೊದಲ ಸಲ ಅಮ್ಮನಿಗೆ ಕಾಗದ ಬರೆದರೋ, ಸಂಘದ ಯುಗಾದಿ ಕರೆಯೋಲೆ ಹೊಡೆದರೋ! ನಿಮ್ಮ ಕೈಯೂ ಅದರಲ್ಲಿ ಸೇರಿರಬಹುದು. ನುಡಿ ಮೇಲೋ ಬರಹ ಮೇಲೋ ಎಂಬ ವಾದ ಮಾತ್ರ ದೋಸೆಯೋ ಇಡ್ಲಿಯೋ ಎಂಬಂತೆ, ಇವತ್ತಿಗೂ ಮುಗಿದಿಲ್ಲ.

ಅಕ್ಷರದ ಗೊಂದಲಕ್ಕೆ ಮದ್ದು ಆಗಲೇ ಕಾಗದದ ಮೇಲಿತ್ತು. 1991ರಲ್ಲೇ ಬಂದ ಯುನಿಕೋಡ್ ಎಂಬ ಒಪ್ಪಂದ ಲೋಕದ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಹಂಚಿತ್ತು. ಕನ್ನಡದ ಓಣಿ 3200ರಿಂದ 3327ರವರೆಗೆ, 128 ಮನೆ. 'ಕ'ದ ಮನೆ ನಂಬರು 3221, ಬೇರಾರೂ ಅಲ್ಲಿಗೆ ಬರುವಂತಿಲ್ಲ. ಆದರೆ ಕಾನೂನು ಬಂದ ಮಾತ್ರಕ್ಕೆ ಮನೆ ಕಟ್ಟಿದಂತಾಗುತ್ತದೆಯೇ? ವಿಂಡೋಸ್ 2000ದಲ್ಲಿ ಹಿಂದಿ, ತಮಿಳು ಬಂದವು. ಕನ್ನಡ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಫಾಂಟಿನ ರೂಪದಲ್ಲಿ. ಹೆಸರು ನಮ್ಮ ಮಲೆನಾಡಿನ ಹೊಳೆಯದು. ಆ ಫಾಂಟಿನ ಹಿಂದಿದ್ದ ಮುಖ್ಯ ವಿನ್ಯಾಸಕಾರರು ಮುಂಬಯಿಯ ಹೆಸರಾಂತ ಅಕ್ಷರ ಕಲಾವಿದ ಆರ್.ಕೆ. ಜೋಶಿ. ಅಷ್ಟಾದರೂ ಅದು ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಭಾಷೆಯ ಖಾನೆಯಲ್ಲಿ ಒಂದು ಟಿಕ್ ಹಾಕಿದರೆ, "ಎಕ್ಸ್‌ಪಿ ಸಿ.ಡಿ. ತುರುಕಿ" ಎನ್ನುತ್ತಿತ್ತು. ಆ ಸಿ.ಡಿ. ಎಷ್ಟು ಮನೆಯಲ್ಲಿತ್ತು ಹೇಳಿ! ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರುತ್ತಿದ್ದ.

ಈ ಹೊತ್ತಿಗೆ ವೆಬ್ ಕಟ್ಟುವ ಸಾಮಾನುಗಳೂ ಅಗ್ಗವಾಗಿದ್ದವು, ಅಗ್ಗ ಯಾಕೆ, ಪುಕ್ಕಟೆಯೇ. ಅವೂ ಯಾರದೋ ಬಿಡುವಿನ ಕೆಲಸಗಳು ಎಂಬುದೇ ಮಜಾ. ರಾಸ್ಮಸ್ ಲೆರ್ಡಾರ್ಫ್ ಎಂಬಾತ ಇಂಟರ್‌ನೆಟ್ಟಿನಲ್ಲಿ ಹಾಕಿದ್ದ ತನ್ನ ಬಯೋಡೇಟಾವನ್ನು ಯಾರು ಯಾರು ನೋಡಿದರು ಎಂದು ತಿಳಿಯಲು ಒಂದಿಷ್ಟು ಪ್ರೋಗ್ರಾಮು ಬರೆದುಕೊಂಡ. 1995ರಲ್ಲಿ ಅದನ್ನು ಎಲ್ಲರಿಗೂ ಕೊಟ್ಟ, ಅದೇ ಪಿಎಚ್‌ಪಿ. ಅದನ್ನೇ ಬಳಸಿ ಬೆಲ್ಜಿಯಂನ ವಿದ್ಯಾರ್ಥಿಯೊಬ್ಬ ಹಾಸ್ಟೆಲಿನ ಗೆಳೆಯರಿಗಾಗಿ ಮಾಡಿದ್ದು 'ಡ್ರುಪಾಲ್' ಆಯಿತು. ಜರ್ಮನಿಯ ಇನ್ನೊಬ್ಬ ವಿದ್ಯಾರ್ಥಿ, ಅವನು ಓದುತ್ತಿದ್ದದ್ದು ಜೀವಶಾಸ್ತ್ರ, ವಿಕಿಪೀಡಿಯಕ್ಕೆ ಹೊಸ ತಂತ್ರಾಂಶ ಬರೆದುಕೊಟ್ಟ. ಕನ್ನಡ ವಿಕಿಪೀಡಿಯ 2003ರಲ್ಲಿ ತೆರೆದಾಗ ಅದರ ಅಡಿಪಾಯ ಇದೇ ವಂಶದ್ದು. ಅಲ್ಲಿ ಮೊದಲು ಬೆವರು ಸುರಿಸಿದವರಲ್ಲಿ ಒಬ್ಬರಾದ ಹರಿಪ್ರಸಾದ್ ನಾಡಿಗ್ 2005ರಲ್ಲಿ ಡ್ರುಪಾಲ್ ಬಳಸಿ 'ಸಂಪದ' ಶುರು ಮಾಡಿದರು. ಬರೆಯಬಲ್ಲೆ ಎಂದೇ ಗೊತ್ತಿರದಿದ್ದ ಎಷ್ಟೋ ಇಂಜಿನಿಯರುಗಳು ಕನ್ನಡ ಲೇಖಕರಾದದ್ದು ಅಲ್ಲಿ. ಬಯೋಡೇಟಾ ನೋಡುವವರನ್ನು ಎಣಿಸಲು ಹೊರಟದ್ದು ಎಲ್ಲಿಗೆ ಬಂದು ಮುಟ್ಟಿತು ನೋಡಿ!

ಆದರೆ ಬಿಡುವಿನ ಕೆಲಸಕ್ಕೆ ಒಂದು ಶಾಪವಿದೆ. ಬಿಡುವು ಮುಗಿಯುತ್ತದೆ. ಮದುವೆಯಾಗುತ್ತದೆ, ಮಗು ಬರುತ್ತದೆ, ಪ್ರಮೋಷನ್ ಬರುತ್ತದೆ. ತಾಣದ ಹೆಸರಿಗೆ, ಅದು ಕೂತಿರುವ ಯಂತ್ರಕ್ಕೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು, ಅದು ಹೋಗುವುದು ಸ್ವಂತ ಜೇಬಿನಿಂದ. ಒಂದು ವರ್ಷ ಮರೆತರೆ ಹೆಸರು ಬೇರೆಯವರ ಪಾಲು, ಬರಹಗಳು ಗಾಳಿ ಪಾಲು. ಹತ್ತು ಹದಿನೈದು ವರ್ಷದ ಹಿಂದೆ ನೀವು ನಿತ್ಯ ಓದುತ್ತಿದ್ದ ಕನ್ನಡ ತಾಣಗಳ ಹೆಸರು ನೆನಪು ಮಾಡಿಕೊಂಡು ಇವತ್ತೊಮ್ಮೆ ತೆರೆದು ನೋಡಿ. ಕೆಲವು ಇರುತ್ತವೆ, ಕೆಲವು ಇರುವುದಿಲ್ಲ. ಇನ್ನು ಕೆಲವು ಇರುತ್ತವೆ, ಆದರೆ ಹಳೆಯ ಫಾಂಟಿನವಾದ್ದರಿಂದ ಓದಲು ಬರುವುದಿಲ್ಲ. ಪಕ್ಕದ ಮನೆಯವರ ಬೀಗದ ಕೈ ಕಳೆದುಹೋದ ಹಾಗೆ, ಮನೆ ಇದೆ, ಒಳಗೆ ಹೋಗಲಾಗದು.

ಆ ಬೀಗ ತೆಗೆಯುವ ಕೆಲಸವೂ ಒಂದು ಸೈಡ್ ಪ್ರಾಜೆಕ್ಟೇ. ಹಳೆಯ ಫಾಂಟುಗಳು ಅಕ್ಷರವನ್ನು ಕಣ್ಣಿಗೆ ಕಂಡ ಕ್ರಮದಲ್ಲಿ ಇಡುತ್ತಿದ್ದವು, ಯುನಿಕೋಡ್ ಬಾಯಲ್ಲಿ ಹೇಳುವ ಕ್ರಮದಲ್ಲಿ ಇಡುತ್ತದೆ. 'ಸೂರ್ಯ' ಬರೆದು ನೋಡಿ. ಕಣ್ಣಿಗೆ ಮೊದಲು ಯ, ಆಮೇಲೆ ಅರ್ಕಾವತ್ತು. ನಾಲಗೆಗೆ ಮೊದಲು ರ. ಅಂದಮೇಲೆ ಬರಿದೆ ಖಾನೆ ಬದಲಿಸಿದರೆ ಸಾಲದು, ಪ್ರತಿ ಅರ್ಕಾವತ್ತನ್ನೂ ಎಬ್ಬಿಸಿ ಮುಂದಿನ ಸೀಟಿಗೆ ಕಳಿಸಬೇಕು. ('ರ‍್ಯಾಂಕ್' ಬಂದರೆ ಮತ್ತೊಂದು ಪಂಚಾಯಿತಿ, ಅಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ನಡುವೆ ಸೇರಿಸದಿದ್ದರೆ ಕರೆಯದೆಯೇ ಅರ್ಕಾವತ್ತು ಬಂದು ಕೂರುತ್ತದೆ.) ಹೀಗೆ ಹಳೆಯ ಫಾಂಟಿನಲ್ಲಿ ಸಿಕ್ಕಿಬಿದ್ದಿದ್ದ ವಚನಗಳನ್ನು ಬಿಡಿಸಿ 2013ರಲ್ಲಿ 'ವಚನ ಸಂಚಯ' ತಂದವರು ಓಂಶಿವಪ್ರಕಾಶ್ ಮತ್ತು ಗೆಳೆಯರು. ಅವರ ಬೆನ್ನಿಗೆ ಓ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರರಂಥ ಸಾಹಿತಿಗಳು. 20 ಸಾವಿರಕ್ಕೂ ಹೆಚ್ಚು ವಚನಗಳು. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಎದುರಿಗೆ! ಮೊದಲಾದರೆ ಒಬ್ಬ ಸಂಶೋಧಕನ ಆಯುಷ್ಯವೇ ಬೇಕಿತ್ತು.

ಆಯುಷ್ಯ ಅಂದಾಗ 'ಅಲರ್' ನೆನಪಾಗುತ್ತದೆ. ವಿ. ಕೃಷ್ಣ ಎಂಬ ಹಿರಿಯರು ನಾಲ್ಕು ದಶಕ ಕೂತು ಒಬ್ಬರೇ ಕನ್ನಡ–ಇಂಗ್ಲಿಷ್ ನಿಘಂಟು ಸಿದ್ಧಪಡಿಸಿದರು. ಒಂದೂವರೆ ಲಕ್ಷಕ್ಕೂ ಮೀರಿದ ಪದಗಳು. ಅದನ್ನು 2019ರಲ್ಲಿ ವೆಬ್ಬಿಗೆ ತಂದು, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಕೊಟ್ಟವರು ಕೈಲಾಶ್ ನಾಧ್. ಅವರು ಮಲಯಾಳಿ! ಬೆಂಗಳೂರಿನ ಷೇರು ವಹಿವಾಟಿನ ಕಂಪನಿಯೊಂದರಲ್ಲಿ ತಂತ್ರಜ್ಞಾನದ ಹೊಣೆ ಹೊತ್ತಿದ್ದವರು, 2010ರಲ್ಲೇ ಮಲಯಾಳಕ್ಕೆ 'ಓಳಂ' ನಿಘಂಟು ತಾಣ ಮಾಡಿದ್ದವರು. ಮುಕ್ತ ಪರವಾನಗಿ ಎಂದದ್ದನ್ನು ಗಮನಿಸಿ. ನಾಳೆ ಆ ತಾಣ ನಡೆಸುವವರಿಗೆ ಬಿಡುವು ಸಿಗದಿದ್ದರೂ ಪದಗಳು ಹೋಗುವುದಿಲ್ಲ. ಇನ್ಯಾರೋ ಎತ್ತಿಕೊಂಡು ಇನ್ನೊಂದು ಕಡೆ ನಡೆಸಬಹುದು.

ಈಗ ನಿಮ್ಮ ಕಡೆಗೆ ಬರೋಣ. ಹೊರನಾಡಿನ ಕನ್ನಡ ಸಂಘಗಳು ಎಷ್ಟು ಸ್ಮರಣ ಸಂಚಿಕೆ ತಂದಿಲ್ಲ? ಬೆಳ್ಳಿಹಬ್ಬ, ಚಿನ್ನದ ಹಬ್ಬ, ರಾಜ್ಯೋತ್ಸವ, ನಾಟಕೋತ್ಸವ ಎಂದು ಒಂದೊಂದಕ್ಕೂ ಒಂದೊಂದು. ಮೊದಲ ತಲೆಮಾರು ಈ ಊರುಗಳಿಗೆ ಹೇಗೆ ಬಂತು, ಯಾವ ಚಾಳಿನಲ್ಲಿ ಉಳಿಯಿತು, ಯಾರು ಹೋಟೆಲು ಇಟ್ಟರು, ಯಾರು ರಾತ್ರಿ ಶಾಲೆ ನಡೆಸಿದರು ಎಂಬುದೆಲ್ಲ ಇರುವುದು ಅವುಗಳಲ್ಲಿ. 90ರ ದಶಕದ ನಂತರದವು ಪೇಜ್‌ಮೇಕರಿನಲ್ಲಿ, ಶ್ರೀಲಿಪಿಯಲ್ಲೋ ಆಕೃತಿಯಲ್ಲೋ ನುಡಿಯಲ್ಲೋ ಆದಂಥವು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಆ ಫೈಲುಗಳ ಸಿ.ಡಿ.ಗಳು ಸಂಘದ ಕಪಾಟಿನಲ್ಲೋ, ಡಿ.ಟಿ.ಪಿ. ಮಾಡಿಕೊಟ್ಟವರ ಅಟ್ಟದ ಮೇಲೋ ಇರಬಹುದು. ಸಂಘದ ಕಾರ್ಯದರ್ಶಿಗಳಿಗೆ ಈ ವಾರವೇ ಒಂದು ಫೋನ್ ಮಾಡಿ ಕೇಳಿ. ಸಿಕ್ಕಿದರೆ ಯಾವ ಫಾಂಟಿನಲ್ಲಿದೆ ಎಂಬುದನ್ನು ಮೊದಲು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಬೀಗ ತೆಗೆಯುವವರಿಗೂ ದಾರಿ ಕಾಣುವುದಿಲ್ಲ. ಮಿಕ್ಕ ಕೆಲಸಕ್ಕೆ ಪಕ್ಕದ ಫ್ಲಾಟಿನ ಆ ಹುಡುಗನನ್ನು ಒಂದು ಭಾನುವಾರ ತಿಂಡಿಗೆ ಕರೆಯಿರಿ.