ಶಿವನಸಮುದ್ರದ ತಂತಿಯಲ್ಲಿ ವಿದ್ಯುತ್ತಿನ ನಷ್ಟ

೧೯೦೨ರ ಜೂನ್ ತಿಂಗಳಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೯೨ ಮೈಲಿ ಹರಿದ ವಿದ್ಯುತ್ತು ಸೆಕೆಂಡಿಗೆ ೨೫ ಆವರ್ತಗಳದು. ಪರ್ಯಾಯ ಪ್ರವಾಹವು ವಾಹಕದೊಳಗೆ ಸುಳಿಪ್ರವಾಹಗಳನ್ನೆಬ್ಬಿಸಿ, ಅವುಗಳಿಂದ ತಾನೇ ಹೊರಮೈಗೆ ಒತ್ತರಿಸಲ್ಪಡುವುದಕ್ಕೆ ತ್ವಕ್ ಪರಿಣಾಮವೆಂದು ಹೆಸರು. ಈ ನಷ್ಟದ ಭಯದಿಂದಲೇ ಕಡಮೆ ಆವರ್ತವನ್ನು ಆರಿಸಿದರೆಂದು ಊಹಿಸುವುದು ಸಹಜ. ಆದರೆ ಲೆಕ್ಕವು ಅದನ್ನು ಸಮರ್ಥಿಸುವುದಿಲ್ಲ.

೨೫ ಆವರ್ತಗಳಲ್ಲಿ ತಾಮ್ರದೊಳಗೆ ಪ್ರವಾಹವಿಳಿಯುವ ಆಳ ಸುಮಾರು ೧೩ ಮಿಲಿಮೀಟರು. ತೆಳುವಾದ ದುಂಡುತಂತಿಯ ತ್ರಿಜ್ಯವನ್ನು ಈ ಆಳದಿಂದ ಭಾಗಿಸಿ, ಬಂದುದರ ನಾಲ್ಕನೆಯ ಘಾತವನ್ನು ೪೮ರಿಂದ ಭಾಗಿಸಿದರೆ ರೋಧದ ಹೆಚ್ಚಳ ದೊರೆಯುತ್ತದೆ. ತ್ರಿಜ್ಯ ೫ ಮಿಲಿಮೀಟರಾದರೆ ಹೆಚ್ಚಳವು ೧೦,೦೦೦ಕ್ಕೆ ನಾಲ್ಕೈದು. ೫೦ ಆವರ್ತಗಳಲ್ಲಿ ಅದರ ನಾಲ್ಮಡಿ. ಎರಡೂ ಅಲ್ಪವೇ. ಹೆಚ್ಚಿನ ನಷ್ಟವು ತಂತಿಯ ಸಾಮಾನ್ಯ ರೋಧದ್ದು. ಒತ್ತಡ ಇಮ್ಮಡಿಯಾದರೆ ಅದು ಕಾಲುಭಾಗಕ್ಕಿಳಿಯುವುದರಿಂದಲೇ ೩೦,೦೦೦ ವೋಲ್ಟಿಗೆ ಕಡಮೆಯಿಲ್ಲದ ಒತ್ತಡವನ್ನು ಬಳಸಿದರು.

ತಂತಿಯ ನಷ್ಟಕ್ಕಿಂತ ದೊಡ್ಡ ಕೊರತೆ ನದಿಯಲ್ಲಿತ್ತು. ಬೇಸಗೆಯಲ್ಲಿ ಕಾವೇರಿಯ ಹರಿವು ಕುಗ್ಗಿ ಯಂತ್ರಗಳಿಗೆ ನೀರು ಸಾಲದಾಗುತ್ತಿತ್ತು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ ಈ ಕೊರತೆಯ ನಿವಾರಣೆಯೂ ಒಂದು. ಅದರ ನೀರು ಇಂದಿನ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳ ನೆಲವನ್ನೂ ಆವರಿಸಿತು. ಹಳೆಯ ಕನ್ನಂಬಾಡಿ ಮುಳುಗಿತು. ವಿದ್ಯುತ್ತಿನ ಚರಿತ್ರೆಯನ್ನು ಬರೆಯುವವರು ತಂತಿಯ ನಷ್ಟದೊಡನೆ ಈ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.