ಮರೆಯಲ್ಲಿ ಧರಿಸುವ ಉಕ್ಕಿನ ಪಿಸ್ತೂಲು: ಆಯ್ಕೆಯ ಇತಿಹಾಸ

ಸೇನೆ ಅಥವಾ ಪೊಲೀಸರ ಬಳಕೆಗೆಂದು ರೂಪಿಸಿದ, ಚೌಕಟ್ಟು, ಸ್ಲೈಡ್ ಮತ್ತು ನಳಿಗೆ ಎಲ್ಲವೂ ಉಕ್ಕಿನವೇ ಆದ ಕೈಬಂದೂಕಿಗೆ ಪೂರ್ಣ ಗಾತ್ರದ ಉಕ್ಕಿನ ಪಿಸ್ತೂಲು ಎಂದು ಹೆಸರು. ಇಂಥದನ್ನು ಉಡುಪಿನ ಮರೆಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ನಾಗರಿಕ ರೂಢಿ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ್ದು. ಒಂದು ಕಿಲೋಗ್ರಾಂ ಮೀರುವ ವಸ್ತುವನ್ನು ಯಾರ ಕಣ್ಣಿಗೂ ಬೀಳದಂತೆ ದಿನವಿಡೀ ಹೊರುವುದು ಸುಲಭವಲ್ಲ. ಆದರೂ ಅರ್ಧಕ್ಕರ್ಧ ಹಗುರವಾದ ಪಿಸ್ತೂಲುಗಳು ಬಂದ ಮೇಲೂ ಕೆಲವರು ಉಕ್ಕನ್ನು ಬಿಟ್ಟಿಲ್ಲ. ಹೀಗಾಗಿ ಈ ಆಯ್ಕೆಯ ಚರಿತ್ರೆ ಬಹುಮಟ್ಟಿಗೆ ತೂಕದ ಚರಿತ್ರೆ.

ಜೇಬು ಮತ್ತು ಜೀನು

19ನೆಯ ಶತಮಾನದಲ್ಲಿ ದೊಡ್ಡ ಕೈಬಂದೂಕನ್ನು ಯಾರೂ ಬಚ್ಚಿಡುವ ಗೋಜಿಗೆ ಹೋಗುತ್ತಿರಲಿಲ್ಲ. 1847ರ ಕೋಲ್ಟ್ ವಾಕರ್ ರಿವಾಲ್ವರಿನ ತೂಕ ಸುಮಾರು ಎರಡು ಕಿಲೋ. ಅದರ ಜಾಗ ಕುದುರೆಯ ಜೀನಿಗೆ ಕಟ್ಟಿದ ಒರೆ. ಜೇಬಿಗೆ ಇಳಿಯುತ್ತಿದ್ದುದು ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ತಯಾರಿಸುತ್ತಿದ್ದಂಥ ಪುಟ್ಟ ಪಿಸ್ತೂಲು. 1865ರ ಏಪ್ರಿಲ್ 14ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಮೇಲೆ ಹಾರಿದ ಗುಂಡು ಅಂಥದೊಂದು ಪಿಸ್ತೂಲಿನದು.

ಮರೆಯ ಆಯುಧವೆಂದರೆ ಸಮಾಜಕ್ಕೆ ಗುಮಾನಿ ಇತ್ತು. ಕೆಂಟಕಿ ಮತ್ತು ಲೂಯಿಸಿಯಾನ ರಾಜ್ಯಗಳು 1813ರಲ್ಲೇ ಅದನ್ನು ನಿಷೇಧಿಸಿದವು. ಎಲ್ಲರಿಗೂ ಕಾಣುವಂತೆ ಆಯುಧ ಧರಿಸುವುದು ಹಕ್ಕು, ಬಚ್ಚಿಟ್ಟು ಧರಿಸುವುದನ್ನು ಸರ್ಕಾರ ತಡೆಯಬಹುದು ಎಂದು ಲೂಯಿಸಿಯಾನದ ಉನ್ನತ ನ್ಯಾಯಾಲಯ 1850ರಲ್ಲಿ ತೀರ್ಪಿತ್ತಿತು. ಇಂದಿನ ಅನೇಕ ರಾಜ್ಯಗಳ ವಾಡಿಕೆ ಇದಕ್ಕೆ ತದ್ವಿರುದ್ಧ: ಆಯುಧ ಇರಲಿ, ಆದರೆ ಕಾಣದಿರಲಿ ಎಂಬುದು ಅಲ್ಲಿನ ನಿರೀಕ್ಷೆ.

1911ರ ಪಿಸ್ತೂಲು

ಫಿಲಿಪ್ಪೀನ್ಸ್‌ನಲ್ಲಿ ಮೋರೊ ಯೋಧರ ಎದುರು ತಮ್ಮ .38 ರಿವಾಲ್ವರುಗಳು ಸಾಲವೆಂದು ಅಮೆರಿಕದ ಸೈನಿಕರು ದೂರಿದಾಗ, 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಯ ದನಗಳ ಮೇಲೆಯೂ ಮಾನವ ಶವಗಳ ಮೇಲೆಯೂ ಗುಂಡುಗಳ ಪರೀಕ್ಷೆ ನಡೆಸಿದರು. ಸೇನೆಯ ಕೈಬಂದೂಕಿನ ಗುಂಡು .45 ಅಂಗುಲಕ್ಕೆ ಕಡಿಮೆ ಇರಬಾರದೆಂದು ಅವರ ಶಿಫಾರಸು. ಆ ಗುಂಡಿಗೆ ತಕ್ಕ ಅರೆ-ಸ್ವಯಂಚಾಲಿತ ಪಿಸ್ತೂಲನ್ನು ಜಾನ್ ಬ್ರೌನಿಂಗ್ ಕೋಲ್ಟ್ ಕಂಪನಿಗಾಗಿ ರೂಪಿಸಿದರು. 1911ರ ಮಾರ್ಚ್‌ನ ಪರೀಕ್ಷೆಯಲ್ಲಿ ಅದು 6,000 ಗುಂಡುಗಳನ್ನು ಎಲ್ಲೂ ಸಿಕ್ಕಿಹಾಕಿಕೊಳ್ಳದೆ ಹಾರಿಸಿತು. ಮಾರ್ಚ್ 29ರಂದು ಸೇನೆ ಅದನ್ನು ಸ್ವೀಕರಿಸಿತು; ಆ ಇಸವಿಯೇ ಪಿಸ್ತೂಲಿನ ಹೆಸರಾಯಿತು.

ನಳಿಗೆ 127 ಮಿಲಿಮೀಟರ್, ಒಟ್ಟು ಉದ್ದ ಸುಮಾರು 216 ಮಿಲಿಮೀಟರ್, ಖಾಲಿ ತೂಕ ಸುಮಾರು 1.1 ಕಿಲೋ. ಗುಂಡು ತುಂಬಿದರೆ ಒಂದೂಕಾಲು ಕಿಲೋ. ಕುದುರೆಯ ಮೇಲೆ ಒಂದೇ ಕೈಯಲ್ಲಿ ಬಳಸುವ ಅಶ್ವದಳಕ್ಕಾಗಿ ಹೆಬ್ಬೆರಳಿನಿಂದ ಒತ್ತುವ ಸುರಕ್ಷಾ ಕೀಲಿಯನ್ನು ಸೇರಿಸಲಾಯಿತು. ಬಚ್ಚಿಡುವ ಯೋಚನೆ ಯಾರಿಗೂ ಇರಲಿಲ್ಲ. ಆದರೆ ಏಳು ಗುಂಡುಗಳು ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ಒಂಟಿ ಸಾಲಾಗಿ ಕೂರುವುದರಿಂದ ಪಿಸ್ತೂಲು ಚಪ್ಪಟೆಯಾಗಿತ್ತು. ರಿವಾಲ್ವರಿನ ಉರುಳೆಯಂತೆ ಉಬ್ಬದೆ ಮೈಗೆ ಅಂಟಿಕೊಳ್ಳುವ ಈ ಗುಣವೇ ಮುಂದೆ ಅದನ್ನು ಅಂಗಿಯ ಮರೆಗೆ ತಂದಿತು.

ಅದೇ 1911ರಲ್ಲಿ ನ್ಯೂಯಾರ್ಕ್ ರಾಜ್ಯ ಸುಲಿವಾನ್ ಕಾಯ್ದೆಯನ್ನು ತಂದು, ಮರೆಮಾಚಬಹುದಾದ ಬಂದೂಕಿಗೆ ಪರವಾನಗಿ ಕಡ್ಡಾಯ ಮಾಡಿತು. ಮೊದಲ ಮಹಾಯುದ್ಧದ ನಂತರ ಟೆಕ್ಸಾಸ್ ರೇಂಜರ್‌ಗಳ ಸೊಂಟಕ್ಕೂ ಬ್ಯಾಂಕ್ ದರೋಡೆಕೋರರ ಕೈಗೂ ಕೋಲ್ಟ್ ಪಿಸ್ತೂಲು ಒಟ್ಟಿಗೇ ತಲುಪಿತು. 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯ ಕರಡಿನಲ್ಲಿ ಮೆಷಿನ್‌ಗನ್ ಜೊತೆ ಕೈಬಂದೂಕುಗಳೂ ಇದ್ದವು. ಅಂತಿಮ ರೂಪದಲ್ಲಿ ಅವನ್ನು ಕೈಬಿಡಲಾಯಿತು. ಅಂದು ಉಳಿದಿದ್ದರೆ ಬಹುಶಃ ಈ ಲೇಖನದ ವಿಷಯವೇ ಇರುತ್ತಿರಲಿಲ್ಲ.

ಹಗುರದ ಹಾದಿ

ಮಫ್ತಿಯಲ್ಲಿ ಓಡಾಡುವ ಪತ್ತೇದಾರರಿಗೆ ಕೋಲ್ಟ್ 1927ರಲ್ಲಿ ಎರಡಂಗುಲ ನಳಿಗೆಯ ‘ಡಿಟೆಕ್ಟಿವ್ ಸ್ಪೆಷಲ್’ ರಿವಾಲ್ವರನ್ನು ಕೊಟ್ಟಿತು. 1950ರಲ್ಲಿ ಸ್ಮಿತ್ ಅಂಡ್ ವೆಸನ್ ಐದು ಗುಂಡಿನ ‘ಚೀಫ್ಸ್ ಸ್ಪೆಷಲ್’ ತಂದಿತು. ಆ ವರ್ಷವೇ ಕೋಲ್ಟ್, 1911ರ ವಿನ್ಯಾಸವನ್ನು ಮೊಟಕುಗೊಳಿಸಿ ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟಿನ ‘ಕಮಾಂಡರ್’ ಅನ್ನು ಮಾರುಕಟ್ಟೆಗಿಳಿಸಿತು. ನಳಿಗೆ ನಾಲ್ಕೂಕಾಲು ಅಂಗುಲ, ತೂಕ ಸುಮಾರು 770 ಗ್ರಾಂ.

ಹೊರುವವನ ಸೊಂಟಕ್ಕೆ ಸಿಕ್ಕ ಲಾಭವನ್ನು ಹಾರಿಸುವವನ ಕೈ ಭರಿಸಬೇಕಾಯಿತು. ಒಂದೇ ಬಗೆಯ ಗುಂಡು ಹಾರಿಸುವಾಗ ಪಿಸ್ತೂಲು ಹಿಂದಕ್ಕೆ ಒದೆಯುವ ಶಕ್ತಿ ಅದರ ತೂಕ ಇಳಿದಷ್ಟೂ ಏರುತ್ತದೆ. ಲೆಕ್ಕ ಹಾಕಿದರೆ 1.1 ಕಿಲೋದ ಪಿಸ್ತೂಲಿಗಿಂತ 770 ಗ್ರಾಂನದರ ಒದೆತ ಶೇಕಡ 40ರಷ್ಟು ಹೆಚ್ಚು. ಒದೆತ ಹೆಚ್ಚಿದರೆ ನಳಿಗೆ ಮೇಲೇಳುತ್ತದೆ, ಮುಂದಿನ ಗುರಿ ತಡವಾಗುತ್ತದೆ, ಹಾರಿಸಿ ಅಭ್ಯಾಸ ಮಾಡುವ ಉತ್ಸಾಹವೂ ಕುಗ್ಗುತ್ತದೆ. 1970ರ ಸುಮಾರಿಗೆ ಕೋಲ್ಟ್ ಅದೇ ಅಳತೆಯ ಪಿಸ್ತೂಲನ್ನು ಉಕ್ಕಿನ ಚೌಕಟ್ಟಿನಲ್ಲಿ ‘ಕಾಂಬ್ಯಾಟ್ ಕಮಾಂಡರ್’ ಎಂಬ ಹೆಸರಿನಿಂದ ಹೊರತಂದಿತು.

ಉಕ್ಕಿಗೆ ಇನ್ನೊಂದು ಶತ್ರು ಬೆವರು. ಮೈಗೆ ತಾಗಿಕೊಂಡೇ ಇರುವ ಪಿಸ್ತೂಲಿನ ನೀಲಿ ಹೊಳಪಿನ ಮೇಲ್ಮೈ ಬೇಸಿಗೆಯಲ್ಲಿ ಬೇಗ ತುಕ್ಕು ಹಿಡಿಯುತ್ತಿತ್ತು. ಸ್ಮಿತ್ ಅಂಡ್ ವೆಸನ್ 1965ರಲ್ಲಿ ‘ಮಾಡೆಲ್ 60’ ರಿವಾಲ್ವರನ್ನು ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡಿ ತೋರಿಸಿದ ಮೇಲೆ ಉಳಿದ ತಯಾರಕರೂ ಆ ದಾರಿ ಹಿಡಿದರು.

ತೊಗಲಿನ ಕೆಲಸಗಾರರು

ದೊಡ್ಡ ಪಿಸ್ತೂಲನ್ನು ಸಾಮಾನ್ಯ ನಾಗರಿಕರೂ ಧರಿಸಬಹುದೆಂಬ ನಂಬಿಕೆ ಬೆಳೆಯಲು ಎರಡು ಕಾರಣ: ಅಭ್ಯಾಸದ ಪಾಠ ಮತ್ತು ಒಳ್ಳೆಯ ಒರೆ. ಮರೀನ್ ದಳದ ಮಾಜಿ ಅಧಿಕಾರಿ ಜೆಫ್ ಕೂಪರ್ 1950ರ ದಶಕದಿಂದ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಊರಿನಲ್ಲಿ ಸ್ಪರ್ಧೆಗಳನ್ನು ನಡೆಸುತ್ತ, ಎರಡೂ ಕೈಗಳಿಂದ ಹಿಡಿದು ಕಣ್ಣಳತೆಗೆ ತಂದು ಹಾರಿಸುವ ಪದ್ಧತಿಗೆ ರೂಪ ಕೊಟ್ಟರು. 1976ರಲ್ಲಿ ಅರಿಜೋನಾದಲ್ಲಿ ತರಬೇತಿ ಶಾಲೆಯನ್ನೇ ತೆರೆದರು. ಅವರು ಬೋಧಿಸಿದ ಸುರಕ್ಷತೆಯ ನಾಲ್ಕು ನಿಯಮಗಳು ಇಂದಿಗೂ ಅಮೆರಿಕದ ಬಂದೂಕು ತರಗತಿಗಳ ಓನಾಮ: ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ಭಾವಿಸು, ನಾಶವಾಗಬಾರದ್ದರ ಕಡೆ ನಳಿಗೆ ತಿರುಗಿಸಬೇಡ, ಗುರಿ ಸಿಗುವ ತನಕ ಬಂದೂಕಿನ ಕುದುರೆಯ (ಟ್ರಿಗರ್) ಮೇಲೆ ಬೆರಳಿಡಬೇಡ, ಗುರಿಯನ್ನೂ ಅದರ ಆಚೆ ಇರುವುದನ್ನೂ ತಿಳಿದುಕೊ.

ಒರೆಯ ಮಟ್ಟಿಗೆ ಹೆಸರಾದವರು ಕ್ಯಾಲಿಫೋರ್ನಿಯಾದಲ್ಲಿ ಮಾರುವೇಷದ ಪೊಲೀಸ್ ಕೆಲಸ ಮಾಡುತ್ತಿದ್ದ ಬ್ರೂಸ್ ನೆಲ್ಸನ್. ಪ್ಯಾಂಟಿನ ಒಳಗೆ ಸಿಕ್ಕಿಸುವ, ಒರಟು ಮೈ ಹೊರಗಿರುವ ತೊಗಲಿನ ಒರೆ ಅವರದು. ಪಿಸ್ತೂಲು ತೆಗೆದ ಮೇಲೂ ಬಾಯಿ ಮುಚ್ಚಿಕೊಳ್ಳದಂತೆ ಅಂಚನ್ನು ಗಟ್ಟಿ ಮಾಡಿದ್ದರಿಂದ ಅದನ್ನು ಒಂದೇ ಕೈಯಲ್ಲಿ ಮರಳಿ ಇಡಬಹುದಾಗಿತ್ತು. ಐಡಹೊ ರಾಜ್ಯದ ಮಿಲ್ಟ್ ಸ್ಪಾರ್ಕ್ಸ್ ಅದನ್ನು ‘ಸಮ್ಮರ್ ಸ್ಪೆಷಲ್’ ಎಂಬ ಹೆಸರಿನಲ್ಲಿ ಮಾಡಿ ಮಾರಿದರು. ಕೋಟಿನ ಹಂಗಿಲ್ಲದೆ, ಬೇಸಿಗೆಯ ತೆಳು ಅಂಗಿಯ ಕೆಳಗೂ ಪೂರ್ಣ ಗಾತ್ರದ ಪಿಸ್ತೂಲು ಅಡಗತೊಡಗಿತು.

ಪರವಾನಗಿಯ ಅಲೆ

ಫ್ಲೋರಿಡಾ 1987ರಲ್ಲಿ ಹೊಸ ಕಾನೂನು ಮಾಡಿತು: ಅರ್ಹತೆ ಇದ್ದವರಿಗೆ ಅಧಿಕಾರಿ ಮರೆಯಲ್ಲಿ ಆಯುಧ ಧರಿಸುವ ಪರವಾನಗಿ ಕೊಡಲೇಬೇಕು, ಮರ್ಜಿಗೆ ಅವಕಾಶವಿಲ್ಲ. ಟೆಕ್ಸಾಸ್‌ನ ಕಿಲೀನ್ ಪಟ್ಟಣದ ಉಪಾಹಾರ ಗೃಹವೊಂದರಲ್ಲಿ 1991ರಲ್ಲಿ ಒಬ್ಬ ಹಂತಕ 23 ಜನರನ್ನು ಕೊಂದ. ಆ ದುಃಖದಿಂದ ಎದ್ದ ಒತ್ತಾಯಕ್ಕೆ ಮಣಿದು ಟೆಕ್ಸಾಸ್ 1995ರಲ್ಲಿ ಇಂಥದೇ ಕಾನೂನು ತಂದಿತು. ಬೇಕೆಂದೇ ಪಿಸ್ತೂಲು ಕಾಣಿಸುವುದು ಅಲ್ಲಿ ಅಪರಾಧವಾಗಿದ್ದರಿಂದ ಚೆನ್ನಾಗಿ ಮರೆಮಾಚುವುದು ಕಾನೂನಿನ ಅಗತ್ಯವೂ ಆಯಿತು.

1994ರಿಂದ 2004ರ ತನಕ ಕೇಂದ್ರ ಕಾನೂನು ಹೊಸ ಮ್ಯಾಗಜೀನಿಗೆ ಹತ್ತು ಗುಂಡಿನ ಮಿತಿ ಹಾಕಿತ್ತು. ಹದಿನೈದು, ಹದಿನೇಳು ಗುಂಡಿನ ಪಿಸ್ತೂಲುಗಳ ಹೆಚ್ಚುಗಾರಿಕೆ ಕುಗ್ಗಿ, ಏಳೆಂಟು ಗುಂಡಿನ ಹಳೆಯ 1911 ಮತ್ತೆ ಆಕರ್ಷಕವಾಯಿತು. ಚೂಪು ಮೂಲೆಗಳನ್ನು ಅರದಿಂದ ಉಜ್ಜಿ ನಯಗೊಳಿಸುವುದು, ಗುರಿಕಣ್ಣನ್ನು ದೊಡ್ಡದು ಮಾಡುವುದು ಮೊದಲು ಬಂದೂಕು ರಿಪೇರಿಯವರ ಕೈಕೆಲಸವಾಗಿತ್ತು. ಈಗ ಕಾರ್ಖಾನೆಗಳೇ ಹಾಗೆ ಮಾಡಿ ಮಾರತೊಡಗಿದವು. ಪರವಾನಗಿಯ ಅಲೆ ಕೊನೆಗೆ ನ್ಯೂಯಾರ್ಕನ್ನೂ ಮುಟ್ಟಿತು: ಸುಲಿವಾನ್ ಕಾಯ್ದೆಯಿಂದ ಬೆಳೆದುಬಂದಿದ್ದ, ಪರವಾನಗಿ ಕೇಳುವವರು ವಿಶೇಷ ಅಗತ್ಯ ತೋರಿಸಬೇಕೆಂಬ ‘ತಕ್ಕ ಕಾರಣ’ದ ಷರತ್ತನ್ನು ಸುಪ್ರೀಂ ಕೋರ್ಟ್ 2022ರ ಜೂನ್ 23ರಂದು ರದ್ದುಮಾಡಿತು.

ಆಯ್ಕೆಯಲ್ಲಿ ತೂಗುವ ಸಂಗತಿಗಳು

ಹೊಸಬರು ನಳಿಗೆಯ ಉದ್ದಕ್ಕೆ ಅಂಜುತ್ತಾರೆ. ಅನುಭವಿಗಳ ಗಮನ ಹಿಡಿಯ ಮೇಲೆ. ನಳಿಗೆ ಪ್ಯಾಂಟಿನೊಳಗೆ ಇಳಿದು ಮರೆಯಾಗುತ್ತದೆ. ಬಾಗಿದಾಗ ಅಂಗಿಯನ್ನು ಎತ್ತಿ ತೋರಿಸುವುದು ಹಿಡಿಯ ಹಿಂಬದಿಯ ಮೂಲೆ. ಅದಕ್ಕಾಗಿಯೇ ಆ ಮೂಲೆಯನ್ನು ಓರೆಯಾಗಿ ಕತ್ತರಿಸಿದ ಮಾದರಿಗಳು ಬಂದವು. ತೆಳು ಬೆಲ್ಟ್ ಒಂದು ಕಿಲೋ ಭಾರಕ್ಕೆ ಜೋತುಬೀಳುತ್ತದೆ, ಪಿಸ್ತೂಲು ಹೊರಕ್ಕೆ ವಾಲುತ್ತದೆ. ದಪ್ಪ, ಬಿಗಿ ಬೆಲ್ಟ್ ಆ ಭಾರವನ್ನು ಸೊಂಟದ ಸುತ್ತ ಹಂಚುತ್ತದೆ. ಹೀಗೆ ಉಕ್ಕನ್ನು ಆರಿಸಿದವರು ಬೆಲ್ಟು, ಒರೆ, ಅಂಗಿಯ ಅಳತೆ ಎಲ್ಲವನ್ನೂ ಅದರ ಜೊತೆಗೇ ಆರಿಸಬೇಕು.

ಇವೆಲ್ಲಕ್ಕಿಂತ ಗಂಭೀರವಾದ ಮಾತೊಂದಿದೆ. ಭಾರ ತಾಳದೆ ಮಧ್ಯಾಹ್ನಕ್ಕೆ ಬಿಚ್ಚಿಟ್ಟ ಪಿಸ್ತೂಲು ಕಾರಿನಲ್ಲಿ ಕಳ್ಳರ ಕೈಗೆ, ಮೇಜಿನ ಖಾನೆಯಲ್ಲಿ ಮಕ್ಕಳ ಕೈಗೆ ಸಿಗುತ್ತದೆ. ಅಮೆರಿಕದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು ಎಂಬುದನ್ನು ನೆನೆದರೆ, ಮನೆಯಲ್ಲಿ ಬೀಗದ ಪೆಟ್ಟಿಗೆ ಇಲ್ಲದ ಆಯ್ಕೆ ಅರ್ಧ ಆಯ್ಕೆಯೂ ಅಲ್ಲ.

ಪ್ಲಾಸ್ಟಿಕ್ ಯುಗದಲ್ಲಿ ಉಕ್ಕು

ಆಸ್ಟ್ರಿಯದ ಸೇನೆ 1982ರಲ್ಲಿ ಆರಿಸಿದ ಗ್ಲಾಕ್ 17, ಪ್ಲಾಸ್ಟಿಕ್ ಜಾತಿಯ ಪಾಲಿಮರ್ ಚೌಕಟ್ಟಿನದು. ಖಾಲಿ ಮ್ಯಾಗಜೀನ್ ಸಹಿತ ಸುಮಾರು 700 ಗ್ರಾಂ. 2018ರಲ್ಲಿ ಬಂದ ಸಿಗ್ ಪಿ365 ಹತ್ತು ಗುಂಡು ಹಿಡಿದೂ ಖಾಲಿಯಿದ್ದಾಗ ಅರ್ಧ ಕಿಲೋ ಮಾತ್ರ ತೂಗುತ್ತದೆ. ದಿನಬಳಕೆಗೆ ಬಹುಪಾಲು ಜನರ ಕೈ ಈಗ ಇಂಥವುಗಳ ಕಡೆಗೇ ಹೋಗುತ್ತದೆ. 1975ರ ಸಿಜೆಡ್ 75ರಂಥ ಉಕ್ಕಿನ ಪಿಸ್ತೂಲುಗಳನ್ನೂ 1911ನ್ನೂ ಇಟ್ಟುಕೊಂಡವರು ಕೊಡುವ ಕಾರಣ ಸರಳ: ಒದೆತ ಮೆದು, ಗುರಿ ನಿಖರ, ಹಾಗಾಗಿ ಅಭ್ಯಾಸ ತಪ್ಪುವುದಿಲ್ಲ. 1911ರ ಕುದುರೆ ನೇರ ಹಿಂದಕ್ಕೆ ಸರಿಯುತ್ತದೆ, ಎಳೆತ ಚಿಕ್ಕದು. ಅದೇ ಕಾರಣಕ್ಕೆ ಸುರಕ್ಷಾ ಕೀಲಿಯ ಮೇಲೆ ಹೆಬ್ಬೆರಳು ತಾನಾಗಿ ಹೋಗುವಷ್ಟು ರೂಢಿ ಇಲ್ಲದವರ ಕೈಯಲ್ಲಿ ಅದು ಅಪಾಯಕಾರಿ. ಅಶ್ವದಳದ ಸವಾರನಿಗೆಂದು ಸೇರಿಸಿದ ಆ ಪುಟ್ಟ ಕೀಲಿ, ನೂರು ವರ್ಷಗಳ ನಂತರವೂ, ಈ ಪಿಸ್ತೂಲನ್ನು ಯಾರು ಧರಿಸಬಹುದು, ಯಾರು ಧರಿಸಬಾರದು ಎಂಬುದನ್ನು ಹೇಳುತ್ತದೆ.