ಎಂಟು ದಿನ ಕಲ್ಲು ಇಟ್ಟುಕೊಂಡು ನೋಡೋದು

ಇವತ್ತಿನ ಸಂಚಿಕೆ ಶುರುವಾಗಿದ್ದು ಶಹಾಪುರದಿಂದ ಅಕ್ಕ ಕಳಿಸಿದ ಒಂದು ವಾಟ್ಸ್‌ಆ್ಯಪ್ ವಿಡಿಯೊದಿಂದ. ಬೆರಳ ತುದಿಯಲ್ಲಿ ಒಂದು ಕೆಂಪು ಹರಳು, ಅದರ ಮೇಲೆ ಬಿಳಿ ಲೈಟು, ಹಿಂದೆ ಸಿನಿಮಾ ಹಾಡು. ಅಸಲಿ ಮಾಣಿಕ್ಯ, ಸರ್ಟಿಫಿಕೇಟ್ ಫ್ರೀ, 22,000 ರೂಪಾಯಿ, ಆಫರ್ ಇವತ್ತು ರಾತ್ರಿ ತನಕ. ಮಗಳ ಮದುವೆ, ಅಳಿಯನಿಗೆ ಉಂಗುರ. ತೊಗರಿ ಮಾರಿದ ರೊಕ್ಕ ಈಗಷ್ಟೇ ಖಾತೆಗೆ ಬಂದಿತ್ತು. ವಿಡಿಯೊದ ಕೆಳಗೆ ಅಕ್ಕನ ದನಿ: “ತಮ್ಮಾ, ಮಂದಿ ಖರೇ ಇದ್ದಂಗ ಕಾಣ್ತದ. ರೊಕ್ಕ ಹಾಕ್ಲೇನು?”

ನನಗೆ ಹರಳಿನ ಬಗ್ಗೆ ಏನೂ ಗೊತ್ತಿಲ್ಲ. ಗೊತ್ತಿರೋದು ಹಳೇ ಪುಸ್ತಕ ಓದೋದು ಅಷ್ಟೇ. “ಎರಡು ದಿನ ತಡಿ ಅಕ್ಕಾ” ಅಂದು, ಸುಮಾರು 380 ವರ್ಷ ಹಿಂದೆ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಮ್ಮ ಕಡೆ ಓಡಾಡಿದ ಒಬ್ಬ ಮನುಷ್ಯನನ್ನು ಹುಡುಕಿದೆ.

ಅವನ ಹೆಸರು ಜಾನ್ ಬಪ್ತಿಸ್ತ್ ಟಾವರ್ನಿಯರ್. ಫ್ರಾನ್ಸಿನ ಹರಳು ವ್ಯಾಪಾರಿ. 1630ರಿಂದ 1668ರ ನಡುವೆ ಆರು ಸಲ ಪೂರ್ವದ ದೇಶಗಳಿಗೆ ಬಂದು ಹೋದ, 1676ರಲ್ಲಿ ಆ ಪ್ರವಾಸಗಳ ಪುಸ್ತಕ ಅಚ್ಚು ಹಾಕಿಸಿದ. ಅವನು ಮೊದಲು ನೋಡಿದ ವಜ್ರದ ಗಣಿ ವಿಜಾಪುರದ ಆದಿಲಶಾಹಿಗಳ ರಾಜ್ಯದಲ್ಲಿತ್ತು. ಸುರಪುರ, ಶಹಾಪುರ, ಯಾದಗಿರಿ ಇರುವ ನಮ್ಮ ಸೀಮೆಯ ಮೇಲೂ ಆಗ ಅದೇ ವಿಜಾಪುರದ ಹಿಡಿತ. ಗಣಿಯ ಊರನ್ನು ಅವನು ‘ರಾವೋಲ್ಕೊಂಡ’ ಅಂತ ಬರೀತಾನೆ. ಗೋಲ್ಕೊಂಡದಿಂದ ಐದು ದಿನದ ಹಾದಿ, ವಿಜಾಪುರದಿಂದ ಎಂಟೊಂಬತ್ತು ದಿನದ್ದು. ಅದು ಇವತ್ತಿನ ಕರ್ನೂಲು ಹತ್ತಿರದ ರಾಮಳ್ಳಕೋಟ ಅಂತ ಆ ಪುಸ್ತಕವನ್ನು ಇಂಗ್ಲಿಷಿಗೆ ತಂದ ಭೂವಿಜ್ಞಾನಿ ವ್ಯಾಲೆಂಟೈನ್ ಬಾಲ್ ಗುರುತಿಸಿದ.

ಹರಳಿನ ಗುಣ-ದೋಷ ಹೇಳುವ ಗ್ರಂಥಗಳು ನಮ್ಮಲ್ಲಿ ಅದಕ್ಕಿಂತ ಬಹಳ ಹಳೆಯವು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ರತ್ನಪರೀಕ್ಷೆ ಬರೆದಿದ್ದಾನೆ. ಆದರೆ ಟಾವರ್ನಿಯರ್ ಕಲ್ಲಿನಷ್ಟೇ ಗಮನ ಕೊಟ್ಟು ಮಾರುವವನನ್ನೂ ನೋಡಿದ. ನಮ್ಮಕ್ಕನಿಗೆ ಬೇಕಾಗಿದ್ದು ಅದೇ.

ಗಣಿ ಊರಲ್ಲಿ ವ್ಯಾಪಾರಿಗಳು ಸ್ನಾನ, ಊಟ ಮುಗಿಸಿ ಬೆಳಿಗ್ಗೆ ಹತ್ತು-ಹನ್ನೊಂದರ ಹೊತ್ತಿಗೆ ಇವನ ಬಿಡಾರಕ್ಕೆ ವಜ್ರ ತರ್ತಿದ್ದರು. ಗಂಟು ದೊಡ್ಡದಿದ್ದರೆ, ಅಂದರೆ ಸಾವಿರಾರು ನಾಣ್ಯದ ಮಾಲಾಗಿದ್ದರೆ, ಅದನ್ನು ಪರದೇಶಿ ವ್ಯಾಪಾರಿಯ ಕೈಗೇ ಕೊಟ್ಟು ಹೋಗುತ್ತಿದ್ದರು. ಏಳೆಂಟು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ಅಷ್ಟು ದಿನ ಅವನು ಒಂದೊಂದೇ ಕಲ್ಲು ತಿರುವಿ ಮುರುವಿ ನೋಡಬಹುದು. ರೊಕ್ಕದ ಮಾತು ಆಮೇಲೆ. ನೋಡಿ ಮುಗಿದ ಮೇಲೆ ಮಾತ್ರ ತಡ ಮಾಡಂಗಿಲ್ಲ, ಬೇಕೋ ಬೇಡವೋ ಆಗಲೇ ಹೇಳಬೇಕು. ಇಲ್ಲದಿದ್ದರೆ ಮಾಲೀಕ ಕಲ್ಲನ್ನು ನಡುಪಟ್ಟಿಯ ಮೂಲೆಗೋ ರುಮಾಲಿಗೋ ಕಟ್ಟಿಕೊಂಡು ಎದ್ದು ಹೋಗ್ತಾನೆ, ಅದೇ ಕಲ್ಲು ಮತ್ತೆ ಕಣ್ಣಿಗೆ ಬೀಳೋದಿಲ್ಲ.

ಇದನ್ನು ಓದಿ ನಾನು ಫೋನ್ ಕೆಳಗಿಟ್ಟೆ. ಅಲ್ಲಿ ಮಾರುವವನು ಕೊಳ್ಳುವವನನ್ನು ನಂಬಿದ್ದ. ಅಕ್ಕನ ವಿಡಿಯೊದಲ್ಲಿ ಇದು ತಿರುಗಾಮುರುಗಾ: ಮೊದಲು ರೊಕ್ಕ, ಆಮೇಲೆ ಕಲ್ಲು, ಅದೂ ರಾತ್ರಿ ಹನ್ನೆರಡರೊಳಗೆ.

ದುಡ್ಡು ಕೂಡ ಕೈಯಿಂದ ಕೈಗೆ ಹೋಗುತ್ತಿರಲಿಲ್ಲ. ಖರೀದಿದಾರ ಶರಾಫನ ಮೇಲೆ ಚೀಟಿ ಬರೀತಿದ್ದ, ಶರಾಫ ಕೊಡುತ್ತಿದ್ದ. ಮೂರ್ನಾಲ್ಕು ದಿನದಲ್ಲಿ ಕೊಡ್ತೀನಿ ಅಂದು ತಡ ಮಾಡಿದರೆ ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ. ನಡುವೆ ಮೂರನೆಯವನೊಬ್ಬ ಇದ್ದ, ಅವನಿಗೆ ಎರಡೂ ಕಡೆಯ ಲೆಕ್ಕ ಗೊತ್ತಿತ್ತು. ನಾವು ಯಾರದೋ ನಂಬರಿಗೆ ಯುಪಿಐ ಮಾಡಿದಾಗ ನಡುವೆ ಇಂಥ ಶರಾಫ ಇರೋದಿಲ್ಲ. ಪಿನ್ ಒತ್ತಿದರೆ ಮುಗೀತು.

ಆ ಊರು ಸತ್ಯವಂತರ ಊರು ಅಂತೇನೂ ಅಲ್ಲ ಮತ್ತೆ. ಗಣಿಯ ಕೂಲಿಗೆ ಇಡೀ ವರ್ಷಕ್ಕೆ ಸಿಗುತ್ತಿದ್ದದ್ದು ಮೂರು ಹೊನ್ನು. ಅವರು ಕಲ್ಲು ಕದಿಯದಂತೆ 50 ಮಂದಿಗೆ 12ರಿಂದ 15 ಕಾವಲುಗಾರರು. ಒಬ್ಬ ಕೂಲಿಯಂತೂ ಕಣ್ಣಿನ ಮೂಲೆಯಲ್ಲೇ ಕಲ್ಲು ಬಚ್ಚಿಟ್ಟಿದ್ದನಂತೆ. ಬಡವನ ಮೇಲೆ ಕಾವಲು, ಶ್ರೀಮಂತನ ಕೈಯಲ್ಲಿ ಎಂಟು ದಿನ ಗಂಟು. ನಂಬಿಕೆ ಯಾರ ಪಾಲಿಗಿತ್ತು ಅನ್ನೋದು ಇದರಲ್ಲೇ ಗೊತ್ತಾಗ್ತದೆ.

ಮೋಸ ಕಲ್ಲಿನಲ್ಲೂ ಇತ್ತು. ಕಲ್ಲು ಶುದ್ಧವಾಗಿದ್ದರೆ ಸಾಣೆಯವರು ಮೇಲೆ ಕೆಳಗೆ ಸ್ವಲ್ಪ ಮುಟ್ಟಿಸಿ ಬಿಡುತ್ತಿದ್ದರು, ತೂಕ ಕಳೀಬಾರದಲ್ಲ. ಒಳಗೆ ಬಿರುಕೋ ಕರಿ ಚುಕ್ಕೆಯೋ ಇದ್ದರೆ ಮೈತುಂಬ ಮುಖ ಕೊರೆದು ದೋಷ ಮುಚ್ಚುತ್ತಿದ್ದರು. ಅಂದರೆ ಜಾಸ್ತಿ ಮಿಂಚೋ ಕಲ್ಲನ್ನೇ ಮೊದಲು ಅನುಮಾನಿಸಬೇಕಿತ್ತು. ಇವತ್ತಿನ ಮಾಣಿಕ್ಯದ ಕಥೆಯೂ ಅದೇ. ಕಳೆದ ಇಪ್ಪತ್ತು ವರ್ಷದಿಂದ, ಬಿರುಕಿಗೆ ಸೀಸದ ಗಾಜು ತುಂಬಿದ ಅಗ್ಗದ ಮಾಣಿಕ್ಯ ಜಗತ್ತಿನ ಮಾರುಕಟ್ಟೆ ತುಂಬಿದೆ. ನೋಡೋಕೆ ಬೆಂಕಿ ಕೆಂಡ. ಅಕ್ಕಸಾಲಿಗ ಉಂಗುರ ರಿಪೇರಿಗೆ ಬೆಂಕಿ ಹಿಡಿದರೆ ಗಾಜು ಕೆಡ್ತದೆ, ನಿಂಬೆರಸ ತಾಗಿದರೂ ಕೆಡ್ತದೆ. ಕಾರ್ಖಾನೆಯ ಮಾಣಿಕ್ಯ ಇನ್ನೊಂದು. ಫ್ರಾನ್ಸಿನ ವೆರ್ನ್ಯೂಯಿ 1902ರಲ್ಲಿ ಅದನ್ನು ಮಾಡುವ ವಿಧಾನ ಪ್ರಕಟಿಸಿದ. ರಾಸಾಯನಿಕವಾಗಿ ಅದೂ ಮಾಣಿಕ್ಯವೇ. ಗಾಜಿನ ಮೇಲೆ ಗೀಚಿ ನೋಡಿದರೆ ಎರಡೂ ಒಂದೇ ಥರ ಗೀರ್ತವೆ.

ಹಂಗಾದ್ರೆ ಬೆಳಕಲ್ಲಿ ಹಿಡಿದು ನೋಡಿದರೆ? ಗಣಿಯವರು ವಜ್ರ ನೋಡುತ್ತಿದ್ದದ್ದು ರಾತ್ರಿ. ಗೋಡೆಯಲ್ಲಿ ಒಂದಡಿ ಗೂಡು ಕೊರೆದು, ದಪ್ಪ ಬತ್ತಿಯ ದೀಪ ಇಟ್ಟು, ಕಲ್ಲನ್ನು ಬೆರಳ ನಡುವೆ ಹಿಡಿದು ಪರೀಕ್ಷೆ. ನೀಲಿ ಛಾಯೆಯ ದೋಷ ಮಾತ್ರ ಆ ಬೆಳಕಿಗೂ ಸಿಕ್ಕುತ್ತಿರಲಿಲ್ಲ. ಅದಕ್ಕೆ ಸಾಣೆ ಹಿಡಿದ ಕಲ್ಲನ್ನು ದಟ್ಟ ಎಲೆಯ ಮರದ ಕೆಳಗೆ ಒಯ್ಯಬೇಕು. ಹಸಿರು ನೆರಳಲ್ಲಿ ನೀಲಿ ತಾನಾಗಿ ಕಾಣ್ತದೆ ಅಂತಾನೆ ಟಾವರ್ನಿಯರ್. ವಿಡಿಯೊದ ಬಿಳಿ ಲೈಟು ಮಾರುವವನು ಆರಿಸಿದ್ದು. ಮರ ಆರಿಸೋ ಹಕ್ಕು ಕೊಳ್ಳುವವನದು.

ಅಲ್ಲಿ ಹುಡುಗರ ಒಂದು ಸಂತೆಯೂ ಇತ್ತು. ಹತ್ತರಿಂದ ಹದಿನಾರು ವರ್ಷದ ವ್ಯಾಪಾರಿ ಮಕ್ಕಳು ಚೌಕದ ಮರದ ಕೆಳಗೆ ಕೂರುತ್ತಿದ್ದರು, ಪ್ರತಿಯೊಬ್ಬನ ಹತ್ತಿರ ತೂಕದ ಚೀಲ, ಹೊನ್ನಿನ ಚೀಲ. ಯಾರಾದರೂ ಕಲ್ಲು ತಂದರೆ ಮೊದಲು ಹಿರಿಯ ಹುಡುಗನ ಕೈಗೆ. ಅವನು ನೋಡಿ ಪಕ್ಕದವನಿಗೆ, ಅವನು ಮುಂದಿನವನಿಗೆ. ಯಾರೂ ತುಟಿ ಬಿಚ್ಚಂಗಿಲ್ಲ. ಸುತ್ತು ಮುಗಿದು ವಾಪಸ್ ಬಂದ ಮೇಲೇ ರೇಟಿನ ಮಾತು. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನ ಕಣ್ಣಿಗೆ ಬೀಳ್ತದೆ.

ಇನ್ನು ತೂಕ. ರಾವೋಲ್ಕೊಂಡದ ಗಣಿಯಲ್ಲಿ ಒಂದು ಮಂಜಾಡಿ ಅಂದರೆ ಒಂದೂ ಮುಕ್ಕಾಲು ಕ್ಯಾರೆಟ್. ಗೋಲ್ಕೊಂಡ, ವಿಜಾಪುರಕ್ಕೆ ಬಂದರೆ ಅದೇ ಹೆಸರಿನ ತೂಕ ಒಂದೂ ಮೂರೆಂಟಾಂಶ ಕ್ಯಾರೆಟ್ ಮಾತ್ರ. ಇವತ್ತು ‘ರತ್ತಿ’ ಅಂತ ಮಾರುವವರಲ್ಲೂ ಒಬ್ಬೊಬ್ಬರದು ಒಂದೊಂದು ಅಳತೆ. ಕ್ಯಾರೆಟ್ ಮಾತ್ರ ಎಲ್ಲ ಕಡೆ 0.2 ಗ್ರಾಂ. ಹರಳಿನ ತೂಕ ಗ್ರಾಮಿನಲ್ಲಿ ಕೇಳಿದರೆ ಈ ರಗಳೆಯೇ ಇಲ್ಲ.

ಎರಡು ದಿನ ಮುಗಿಯಿತು. ಅಕ್ಕನಿಗೆ ಫೋನ್ ಮಾಡಿದೆ. ಉಂಗುರದ ಬಂಗಾರಕ್ಕೆ ಎಚ್‌ಯುಐಡಿ ನಂಬರ್ ಇರ್ತದ, ಬಿಐಎಸ್ ಕೇರ್ ಆ್ಯಪಿನಾಗ ಹಾಕಿ ನೋಡಬಹುದು, ಆದ್ರ ಆ ನಂಬರ್ ಹರಳಿನ ಬಗ್ಗೆ ಏನೂ ಹೇಳಂಗಿಲ್ಲ ಅಂದೆ. ಸರ್ಟಿಫಿಕೇಟಿನ ನಂಬರನ್ನು ಅವರು ಕಳಿಸಿದ ಲಿಂಕಿನಾಗಲ್ಲ, ಆ ಲ್ಯಾಬಿನ ವೆಬ್‌ಸೈಟ್ ನಾವೇ ತೆಗೆದು ನೋಡಬೇಕು. ಅದರಾಗ ಬರೆದ ತೂಕ, ಅಕ್ಕಸಾಲಿಗರ ತಕ್ಕಡಿ ತೂಕ ಒಂದೇ ಇರಬೇಕು. ಆನ್‌ಲೈನ್ ಮಾರಾಟಕ್ಕೆ 2020ರ ಗ್ರಾಹಕ ಸಂರಕ್ಷಣಾ ನಿಯಮ ಅವ. ಮಾರುವವರ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿ, ವಾಪಸಾತಿ ಷರತ್ತು ಕಾಣೋ ಹಂಗ ಹಾಕಿರಬೇಕು.

“ವಿಳಾಸ ಇಲ್ಲ ನೋಡು” ಅಂದಳು ಅಕ್ಕ. “ಬರೇ ನಂಬರ್ ಅದ.”

“ಹಂಗಾದ್ರ ಒಂದೇ ಮಾತು ಕೇಳು.”

ಇಬ್ಬರೂ ಸೇರಿ ಮೆಸೇಜ್ ಟೈಪ್ ಮಾಡಿದೆವು: ಕಲ್ಲು ಬಂದ ಮೇಲೆ ಎಂಟು ದಿನ ನಮ್ಮ ಹತ್ತಿರ ಇರಲಿ, ಹೈದರಾಬಾದಿನ ಲ್ಯಾಬಿನಲ್ಲಿ ನಮ್ಮ ಖರ್ಚಲ್ಲೇ ತೋರಿಸ್ತೇವೆ, ಸರಿ ಇಲ್ಲದಿದ್ದರೆ ಪೂರ್ತಿ ಹಣ ವಾಪಸ್ ಕೊಡ್ತೀರಾ?

ನೀಲಿ ಟಿಕ್ ಬಿತ್ತು. ಉತ್ತರ ಬರಲಿಲ್ಲ. ಮರುದಿನ ಅದೇ ವಿಡಿಯೊ ಮತ್ತೆ ಬಂತು, 17,000 ರೂಪಾಯಿ, ಆಫರ್ ಇವತ್ತು ರಾತ್ರಿ ತನಕ. ಅಕ್ಕ ಅದನ್ನು ನನಗೆ ಫಾರ್ವರ್ಡ್ ಮಾಡಿ ಕೆಳಗೆ ಬರೆದಿದ್ದಳು: “ಅಳಿಯಾಗ ಬರೇ ಬಂಗಾರದ ಉಂಗುರ ಹಾಕ್ತೀವಿ. ನೀ ಐತವಾರ ಬಾ, ಸುರಪುರಕ್ಕ ಹೋಗಿ ಮಾಡಿಸ್ಕೊಂಡು ಬರೋಣು.”